ನೆತ್ತಿ ಮೇಲಿನ ಗುರುವಿಗೆ ಯಾವ ಮೌಂಟ್? ಮೋಟರ್ ಇಲ್ಲದ ನಾಲ್ಕು ಬಗೆಯ ಹೋಲಿಕೆ

ಟೆಲಿಸ್ಕೋಪ್ ಕೊಳ್ಳುವವರು ಲೆನ್ಸ್ ಎಂಥದ್ದು, ಕನ್ನಡಿ ಎಷ್ಟು ಇಂಚು ಅಂತ ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ಅದನ್ನು ಹೊರುವ ಮೌಂಟ್ ಮಾತ್ರ ಪೆಟ್ಟಿಗೆಯಲ್ಲಿ ಬಂದದ್ದೇ ಸರಿ ಅಂದುಕೊಳ್ಳುತ್ತಾರೆ. ಇದು ಉಲ್ಟಾ ಆಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸಾಧಾರಣ ಟೆಲಿಸ್ಕೋಪ್ ಒಳ್ಳೆ ಮೌಂಟ್ ಮೇಲಿದ್ದರೆ ಶನಿಯ ಬಳೆ ಕಣ್ತುಂಬ ನೋಡಬಹುದು. ಎಂಥ ದುಬಾರಿ ಟೆಲಿಸ್ಕೋಪ್ ಆದರೂ ನಡುಗುವ ಮೌಂಟ್ ಮೇಲಿದ್ದರೆ ಕಾಣುವುದು ಅಲುಗಾಡುವ ಬೆಳಕಿನ ಚುಕ್ಕಿ ಅಷ್ಟೇ.

ಇನ್ನೊಂದು ಮಾತು. ಮೌಂಟ್ ಬಗ್ಗೆ ನಾವು ಓದುವ ಸಲಹೆ ಬಹುಪಾಲು ಯುರೋಪ್, ಅಮೆರಿಕದವರದು. ಅವರ ಅಕ್ಷಾಂಶ 40, 50 ಡಿಗ್ರಿ. ಬೆಂಗಳೂರು ಇರುವುದು 13 ಡಿಗ್ರಿಯಲ್ಲಿ. ಬೀದರ್ ಕೂಡ 18 ದಾಟಲ್ಲ. ಅಂದರೆ ನಮಗೆ ನೋಡಬೇಕಾದ್ದೆಲ್ಲ ಹೆಚ್ಚುಕಮ್ಮಿ ತಲೆ ಮೇಲೆಯೇ ಹಾದು ಹೋಗುತ್ತದೆ. 2026ರ ಜನವರಿಯಲ್ಲಿ ಗುರು ಮಿಥುನ ರಾಶಿಯಲ್ಲಿ ಅತಿ ಪ್ರಕಾಶದಲ್ಲಿದ್ದಾಗ ಬೆಂಗಳೂರಿನಲ್ಲಿ ಅದು 81 ಡಿಗ್ರಿ ಎತ್ತರಕ್ಕೆ ಏರುತ್ತಿತ್ತು. ಕೃತ್ತಿಕೆಯ ಗೊಂಚಲೂ ನೆತ್ತಿಯಿಂದ 11 ಡಿಗ್ರಿ ದೂರದಲ್ಲೇ ಹಾಯುತ್ತದೆ. ನೋಡುವುದಕ್ಕೆ ಇದು ದೊಡ್ಡ ಅದೃಷ್ಟ. ಗ್ರಹ ಮೇಲಿದ್ದಷ್ಟೂ ನಡುವೆ ಬರುವ ಗಾಳಿಯ ಪದರ ಕಮ್ಮಿ. ಆದರೆ ಮೌಂಟ್‌ಗೆ ಇದೇ ಕಠಿಣ ಪರೀಕ್ಷೆ. ಹಾಗಾಗಿ ಮೋಟರ್ ಇಲ್ಲದ ನಾಲ್ಕು ಬಗೆಯ ಮೌಂಟ್ ತಂದು ನಾನು ಅಳೆದದ್ದು ಒಂದೇ ಪ್ರಶ್ನೆಯಿಂದ: ನೆತ್ತಿ ಹತ್ತಿರ ಇದು ಹೇಗೆ ನಡೆದುಕೊಳ್ಳುತ್ತದೆ?

ಕೂರಿಸಿ ನೋಡಿದ ಟ್ಯೂಬ್‌ಗಳು ಎರಡು. ಒಂದು 80 ಮಿ.ಮೀ. ರಿಫ್ರ್ಯಾಕ್ಟರ್, ಅಂದರೆ ಲೆನ್ಸಿನ ಟೆಲಿಸ್ಕೋಪ್, ಫೋಕಲ್ ಲೆಂತ್ (ನಾಭಿದೂರ) 560 ಮಿ.ಮೀ. ಇನ್ನೊಂದು 127 ಮಿ.ಮೀ. ಮಾಕ್ಸುಟೋವ್, ಲೆನ್ಸ್ ಕನ್ನಡಿ ಎರಡೂ ಇರುವ ಗಿಡ್ಡ ಟ್ಯೂಬ್, ಫೋಕಲ್ ಲೆಂತ್ 1500. ಮೌಂಟ್‌ಗಳಲ್ಲಿ ಮೊದಲನೆಯದು ಸಣ್ಣ ಈಕ್ವಟೋರಿಯಲ್. ಎರಡನೆಯದು ನಾಬ್ ತಿರುಗಿಸುವ ಆಲ್ಟ್-ಅಜ್ (ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ಚಲಿಸುವ ಮೌಂಟ್), ವಿಕ್ಸೆನ್ ಪೋರ್ಟಾ, ಸ್ಕೈವಾಚರ್ ಎಜೆಡ್-5 ಈ ಜಾತಿಯವು. ಮೂರನೆಯದು ನಾಬ್ ಇಲ್ಲದ, ಬರೀ ಕ್ಲಚ್ಚಿನ ಬಿಗಿಯಲ್ಲಿ ಕೈಯಿಂದ ತಳ್ಳುವ ಆಲ್ಟ್-ಅಜ್. ಎಜೆಡ್-4 ಇಂಥದ್ದು. ನಾಲ್ಕನೆಯದು ಡಾಬ್ಸೋನಿಯನ್. ಅದರಲ್ಲಿ 8 ಇಂಚಿನ ಕನ್ನಡಿ ಮತ್ತು ಪೀಠ ಸೇರಿಯೇ ಬರುತ್ತವೆ.

ಹೋಲಿಸುವ ಮುಂಚೆ ಒಂದು ಲೆಕ್ಕ. ಭೂಮಿ ತಿರುಗುವುದರಿಂದ ಆಕಾಶ ಗಂಟೆಗೆ 15 ಡಿಗ್ರಿ ಜರುಗುತ್ತದೆ. ಮಾಕ್ಸುಟೋವ್‌ಗೆ 10 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಲೆನ್ಸ್) ಹಾಕಿದರೆ 150 ಪಟ್ಟು ದೊಡ್ಡದಾಗಿ ಕಾಣುತ್ತದೆ. ಪ್ಲೋಸಲ್ ಎಂಬ ಸಾಮಾನ್ಯ ಬಗೆಯ ಐಪೀಸ್ ಆದರೆ ಕಾಣುವ ಆಕಾಶದ ಅಗಲ ಸುಮಾರು ಡಿಗ್ರಿಯ ಮೂರನೇ ಒಂದು ಭಾಗ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಗುರು ಹಾದು ಹೋಗಲು 80 ಸೆಕೆಂಡ್ ಸಾಕು. ಈ 80 ಸೆಕೆಂಡಿನಲ್ಲಿ ಮೌಂಟ್ ಮುಟ್ಟಬೇಕು, ಸರಿಸಬೇಕು, ನಡುಕ ನಿಲ್ಲಬೇಕು, ಆಮೇಲೆ ನೋಡಬೇಕು. ಮುಟ್ಟಿದ ಮೇಲೆ ನಡುಕ ನಿಲ್ಲಲು ನಾಲ್ಕೈದು ಸೆಕೆಂಡ್ ಬೇಕಾದರೆ ಗುರುವಿನ ಪಟ್ಟೆಗಳನ್ನು ನೋಡುವ ತಾಳ್ಮೆಯೇ ಹೊರಟುಹೋಗುತ್ತದೆ.

ಈಕ್ವಟೋರಿಯಲ್‌ನಿಂದ ಶುರು ಮಾಡುತ್ತೇನೆ. ಇದರ ಒಂದು ಅಕ್ಷವನ್ನು ಧ್ರುವ ನಕ್ಷತ್ರಕ್ಕೆ ಗುರಿ ಮಾಡಿ ಇಟ್ಟರೆ ಆಮೇಲೆ ಒಂದೇ ನಾಬ್ ಸಾಕು. ನೆತ್ತಿ ಮೇಲಿನ ಗುರುವನ್ನು ಹಿಡಿದಿಡುವುದರಲ್ಲಿ ಇದೇ ಗೆದ್ದಿತು, ಅನುಮಾನವೇ ಇಲ್ಲ. ಈ ಮೌಂಟ್ ತಡವರಿಸುವ ಜಾಗ ಧ್ರುವದ ಸುತ್ತಮುತ್ತ. ನಮ್ಮಲ್ಲಿ ಧ್ರುವ ಬರೀ 13 ಡಿಗ್ರಿ ಮೇಲಿದೆ. ಅಲ್ಲಿ ನೋಡಲು ನಮಗೆ ಜಾಸ್ತಿ ಏನೂ ಇಲ್ಲ.

ಆದರೂ ಇದನ್ನು ಇಟ್ಟುಕೊಳ್ಳಲಿಲ್ಲ. 13 ಡಿಗ್ರಿಯ ಧ್ರುವ ನಕ್ಷತ್ರ ಊರಿನ ಧೂಳಲ್ಲಿ, ಪಕ್ಕದ ಅಪಾರ್ಟ್‌ಮೆಂಟ್ ಹಿಂದೆ ಕಾಣುವುದೇ ಇಲ್ಲ. ದಿಕ್ಸೂಚಿ ನೋಡಿ ಅಂದಾಜಿನಲ್ಲಿ ಇಟ್ಟರೆ ಕಣ್ಣಲ್ಲಿ ನೋಡುವವರಿಗೆ ಸಾಕು, ಅದು ದೊಡ್ಡ ತೊಂದರೆ ಅಲ್ಲ. ತೊಂದರೆ ಇರುವುದು ಲೋಹದಲ್ಲಿ. ಅಕ್ಷ ಇಷ್ಟು ಮಲಗಿದಾಗ, ಪೂರ್ವ ಅಥವಾ ಪಶ್ಚಿಮದಲ್ಲಿ ತಗ್ಗಿನಲ್ಲಿರುವುದನ್ನು ನೋಡಲು ಹೋದರೆ ಟ್ಯೂಬಿನ ಭಾರಕ್ಕೆ ಸರಿತೂಗಿಸುವ ಕೌಂಟರ್‌ವೇಟ್‌ನ ಸರಳು ಕೆಳಗಿಳಿದು ಟ್ರೈಪಾಡ್‌ನ ಉತ್ತರದ ಕಾಲಿಗೆ ತಾಗುತ್ತದೆ. ಎರಡು ಕಾಲಿನ ನಡುವಿನ ಸಂದು ಉತ್ತರಕ್ಕೆ ಬರುವಂತೆ ಟ್ರೈಪಾಡ್ ತಿರುಗಿಸಿದರೆ ತಪ್ಪುತ್ತದೆ. ಆದರೆ ಎಲ್ಲ ಮೌಂಟ್‌ನಲ್ಲೂ ಹಾಗೆ ತಿರುಗಿಸಲು ಆಗಲ್ಲ. ಇನ್ನು ಕೆಲವು ಮೌಂಟ್‌ಗಳು 20 ಡಿಗ್ರಿಗಿಂತ ಕೆಳಗೆ ಬಗ್ಗುವುದೇ ಇಲ್ಲ. ಕೊಳ್ಳುವ ಮುಂಚೆ ಅಕ್ಷಾಂಶದ ಸ್ಕೇಲ್ ಎಲ್ಲಿಂದ ಶುರುವಾಗುತ್ತದೆ ಅಂತ ಕೇಳಲೇಬೇಕು. ಇದರ ಜೊತೆಗೆ ಕೌಂಟರ್‌ವೇಟ್ ಹೊತ್ತು ಮೆಟ್ಟಿಲು ಹತ್ತಬೇಕು. ಗುರು ಮಧ್ಯರೇಖೆ (ಉತ್ತರದಿಂದ ನೆತ್ತಿ ಹಾದು ದಕ್ಷಿಣಕ್ಕೆ ಹೋಗುವ ಗೆರೆ) ದಾಟಿದ ಮೇಲೆ ಟ್ಯೂಬನ್ನು ಆ ಮಗ್ಗುಲಿಂದ ಈ ಮಗ್ಗುಲಿಗೆ ಹೊರಳಿಸಬೇಕು. ಅರ್ಧ ಗಂಟೆ ಬಿಡುವು ಸಿಕ್ಕಾಗ ಇದನ್ನು ತಾರಸಿಗೆ ಒಯ್ಯಲು ಮನಸ್ಸೇ ಬರಲಿಲ್ಲ.

ಡಾಬ್ಸೋನಿಯನ್ ಕತೆ ಬೇರೆ. ಇದನ್ನು ಜನಕ್ಕೆ ತಲುಪಿಸಿದ ಜಾನ್ ಡಾಬ್ಸನ್ ಸಂನ್ಯಾಸಿಯಾಗಿದ್ದವರು. 1944ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಮಠ ಸೇರಿದರು. ಅದು ರಾಮಕೃಷ್ಣ ಮಠಕ್ಕೆ ಸೇರಿದ್ದು. ಹಡಗಿನ ಕಿಟಕಿಯ ಗಾಜು ಉಜ್ಜಿ ಕನ್ನಡಿ ಮಾಡಿಕೊಂಡರು, ರಟ್ಟಿನ ಕೊಳವೆಯಲ್ಲಿ ಟ್ಯೂಬ್ ಮಾಡಿದರು. 1967ರಲ್ಲಿ ಮಠ ಬಿಟ್ಟ ಮೇಲೆ ಫುಟ್‌ಪಾತ್‌ನಲ್ಲಿ ಟೆಲಿಸ್ಕೋಪ್ ಇಟ್ಟು ಹೋಗಿಬರುವವರಿಗೆಲ್ಲ ಚಂದ್ರನನ್ನು ತೋರಿಸುತ್ತಿದ್ದರು. ಆ ಸರಳತೆ ಇವತ್ತಿಗೂ ಈ ಮೌಂಟ್‌ನಲ್ಲಿ ಇದೆ. ಪ್ಲೈವುಡ್ ಪೀಠ, ಜಾರಲು ಟೆಫ್ಲಾನ್ ತುಂಡು. ಬೋಲ್ಟ್ ಬಿಗಿಯುವ ಕೆಲಸವೇ ಇಲ್ಲ. ನಡುಕ ಬೇಗ ನಿಲ್ಲುತ್ತದೆ. ಕೊಟ್ಟ ದುಡ್ಡಿಗೆ ಇಷ್ಟು ದೊಡ್ಡ ಕನ್ನಡಿ ಬೇರೆ ದಾರಿಯಲ್ಲಿ ಸಿಗಲ್ಲ.

ಆದರೆ ನಮ್ಮ ನೆತ್ತಿ ಇದಕ್ಕೆ ಕಷ್ಟ. 81 ಡಿಗ್ರಿ ಎತ್ತರದಲ್ಲಿ ಆಕಾಶದ ಒಂದು ಡಿಗ್ರಿ ಪಕ್ಕಕ್ಕೆ ಹೋಗಬೇಕಾದರೆ ಪೀಠವನ್ನು ಆರು ಡಿಗ್ರಿಗೂ ಜಾಸ್ತಿ ತಿರುಗಿಸಬೇಕು. ಟ್ಯೂಬ್ ನೆಟ್ಟಗೆ ನಿಂತಿರುವಾಗ ತಳ್ಳಲು ಹಿಡಿತವೂ ಸಿಗಲ್ಲ. ಐಪೀಸ್ ಹಿಡಿದು ಎಳೆದರೆ ಟ್ಯೂಬ್ ಮೇಲೆ ಕೆಳಗೆ ಹೋಗುತ್ತದೆ ಹೊರತು ಪೀಠ ತಿರುಗಲ್ಲ. ಬಳಸುವವರು ಇದನ್ನು ಡಾಬ್ಸನ್ ಹೋಲ್ ಅನ್ನುತ್ತಾರೆ. ಲಂಡನ್ನಿನವರಿಗೆ ಈ ಜಾಗಕ್ಕೆ ಗ್ರಹ ಬರುವುದೇ ಇಲ್ಲ, ನಮಗೆ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಎರಡು ಉಪಾಯ ಕೆಲಸ ಮಾಡಿದವು. ಒಂದು, ಪೀಠದ ಮಗ್ಗುಲ ಹಲಗೆಗೆ ಬಾಗಿಲ ಹಿಡಿಯೊಂದನ್ನು ಜಡಿದು ಅದನ್ನು ಹಿಡಿದು ತಿರುಗಿಸುವುದು. ಇನ್ನೊಂದು, ಗುರು 65-70 ಡಿಗ್ರಿಯಲ್ಲಿ ಇರುವಾಗಲೇ ನೋಡಿ ಮುಗಿಸಿ, ಅದು ನೆತ್ತಿ ದಾಟುವವರೆಗೆ ಬೇರೆ ಕಡೆ ನೋಡುವುದು.

ಉಳಿದವು ಎರಡು ಆಲ್ಟ್-ಅಜ್. ನಿಜವಾದ ಪೈಪೋಟಿ ಇವುಗಳ ನಡುವೆಯೇ.

ಕ್ಲಚ್ ಮೌಂಟ್ ಕೈಗೆ ಸಿಕ್ಕಾಗ ಬಹಳ ಹಗುರ ಅನ್ನಿಸುತ್ತದೆ. ಸುಮ್ನೆ ತಳ್ಳಿದರೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಕಡಿಮೆ ಪವರ್‌ನಲ್ಲಿ ಹಾಲುಹಾದಿಯ ಉದ್ದಕ್ಕೂ ತೇಲಿಕೊಂಡು ಹೋಗಲು ಇದಕ್ಕಿಂತ ಚೆನ್ನಾದದ್ದು ನಾನು ಕಂಡಿಲ್ಲ. 80 ಮಿ.ಮೀ. ರಿಫ್ರ್ಯಾಕ್ಟರ್‌ಗೆ 25 ಮಿ.ಮೀ. ಐಪೀಸ್ ಹಾಕಿದರೆ ಎರಡು ಡಿಗ್ರಿಗೂ ಮಿಕ್ಕಿ ಆಕಾಶ ಕಾಣುತ್ತದೆ. ಕೃತ್ತಿಕೆ ಪೂರ್ತಿ ಹಿಡಿಸುತ್ತದೆ. ಆಗ ನಾಬ್ ಬೇಕು ಅನ್ನಿಸುವುದೇ ಇಲ್ಲ. ಆದರೆ ಮಾಕ್ಸುಟೋವ್ ಏರಿಸಿ 150 ಪಟ್ಟಿಗೆ ಹೋದಾಗ ಕತೆ ಬದಲಾಯಿತು. ಗುರುವನ್ನು ಸ್ವಲ್ಪ ಸರಿಸಲು ಹೋದರೆ ಬಿಗಿ ಬಿಟ್ಟು ಒಮ್ಮೆಲೇ ಜಿಗಿಯುತ್ತದೆ. ಕ್ಲಚ್ ಸಡಿಲಿಸಿ, ಟ್ಯೂಬನ್ನು ಹಿಂದೆ ಮುಂದೆ ಜರುಗಿಸಿ ಸರಿಯಾಗಿ ತೂಗಿಸಿದರೆ ಜಿಗಿತ ಕಮ್ಮಿಯಾಗುತ್ತದೆ. ಪ್ರತಿ ಸಲ ಐಪೀಸ್ ಬದಲಿಸಿದಾಗಲೂ ತೂಕ ಬದಲಾಗುತ್ತದೆ ಅನ್ನುವುದು ಮರೆಯಬಾರದು.

ನಾಬ್ ಮೌಂಟ್‌ನಲ್ಲಿ ಹಳೇ ರೇಡಿಯೋದಲ್ಲಿ ಸ್ಟೇಷನ್ ಹಿಡಿದ ಹಾಗೆ ಗುರುವನ್ನು ಮೆಲ್ಲಗೆ ನಡುವಿಗೆ ತರಬಹುದು. ಟ್ಯೂಬ್ ಮುಟ್ಟಬೇಕಾಗಿಲ್ಲ, ಹಾಗಾಗಿ ನಡುಕವೂ ಕಮ್ಮಿ. ನೆತ್ತಿ ಹತ್ತಿರ ಅಜಿಮತ್ ನಾಬ್ (ಎಡಕ್ಕೆ-ಬಲಕ್ಕೆ ತಿರುಗಿಸುವುದು) ಜಾಸ್ತಿ ಸುತ್ತಬೇಕು, ಅಷ್ಟೇ. ಆದರೆ ಸುತ್ತಲು ಆಗುತ್ತದೆ, ಹಿಡಿತ ತಪ್ಪಲ್ಲ. ಕೊರತೆ ಅಂದರೆ ಗೇರಿನ ಸಡಿಲ. ನಾಬ್ ದಿಕ್ಕು ಬದಲಿಸಿದಾಗ ಸ್ವಲ್ಪ ಹೊತ್ತು ಏನೂ ಆಗಲ್ಲ, ಆಮೇಲೆ ಚಲಿಸುತ್ತದೆ. ಯಾವಾಗಲೂ ಒಂದೇ ದಿಕ್ಕಿನಿಂದ ಗುರಿಗೆ ಬರುವ ರೂಢಿ ಮಾಡಿಕೊಂಡರೆ ಇದು ಕಾಡಲ್ಲ. ಒಂದೇ ಮೌಂಟ್ ಇಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ. ಗ್ರಹ, ಚಂದ್ರ, ಜೋಡಿ ನಕ್ಷತ್ರ ನೋಡುವವರಿಗೆ ಬೇರೆ ಯೋಚನೆ ಬೇಡ. ಬರೀ ಕತ್ತಲ ಊರಿಗೆ ಹೋಗಿ ಅಗಲದ ಆಕಾಶ ನೋಡುವವರಿಗೆ ಕ್ಲಚ್ ಮೌಂಟ್ ಇನ್ನೂ ಹಿತ.

ಇನ್ನು ಜೊತೆಗೆ ಕೊಳ್ಳುವ ಸಾಮಾನು. ಮೊದಲು ದುಡ್ಡು ಹಾಕಬೇಕಾದ್ದು ಟ್ರೈಪಾಡ್‌ಗೆ. ಒಂದೇ ಮೌಂಟ್ ತಲೆಯನ್ನು ತೆಳು ಅಲ್ಯೂಮಿನಿಯಂ ಕಾಲಿನ ಮೇಲೂ, ದಪ್ಪ ಸ್ಟೀಲ್ ಕಾಲಿನ ಮೇಲೂ ಕೂರಿಸಿ, ಟ್ಯೂಬನ್ನು ಬೆರಳಿಂದ ತಟ್ಟಿ ನೋಡಿ. ಪೂರ್ತಿ ಉದ್ದ ಎಳೆದ ಅಲ್ಯೂಮಿನಿಯಂ ಕಾಲಿನಲ್ಲಿ ಚಿತ್ರ ನಿಲ್ಲಲು ನಾಲ್ಕೈದು ಸೆಕೆಂಡ್ ಬೇಕಾಯಿತು. ಎಳೆಯದ ಸ್ಟೀಲ್ ಕಾಲಿನಲ್ಲಿ ಒಂದು ಸೆಕೆಂಡ್ ಚಿಲ್ಲರೆ.

ಇದಕ್ಕಿಂತ ಚೆನ್ನಾಗಿ ಕಂಪನ ಹೀರುವುದು ಮರ. ಜರ್ಮನಿಯ ಬೆರ್ಲೆಬಾಖ್‌ನವರು ಆ್ಯಶ್ ಎಂಬ ಮರದ ಟ್ರೈಪಾಡ್ ಮಾಡುತ್ತಾರೆ, ಆದರೆ ಇಲ್ಲಿಗೆ ತರಿಸಲು ದುಬಾರಿ. ನನಗೆ ಒಪ್ಪಿಗೆಯಾದ ದಾರಿ ಸರ್ವೆಯವರ ಹಳೇ ಮರದ ಟ್ರೈಪಾಡ್. ಅದರ ಬೋಲ್ಟ್ 5/8 ಇಂಚಿನದು, ಸಣ್ಣ ಮೌಂಟ್‌ಗಳಲ್ಲಿ ಹಲವಕ್ಕೆ 3/8 ಬೇಕು. ಪೀಣ್ಯದಂಥ ಕಡೆ ಯಾವುದೇ ಲೇತ್ ಅಂಗಡಿಯಲ್ಲಿ ಅಡಾಪ್ಟರ್ ಕಡೆಸಬಹುದು. ಒಂದು ಎಚ್ಚರಿಕೆ: ಅದರ ಕಾಲಿನ ತುದಿ ಚೂಪು, ಮಣ್ಣಿಗೆ ಚುಚ್ಚಲು ಮಾಡಿದ್ದು. ಸಿಮೆಂಟ್ ತಾರಸಿ ಮೇಲೆ ಮೂರೂ ಕಾಲು ಹೊರಕ್ಕೆ ಜಾರುತ್ತವೆ. ಮೂರಕ್ಕೂ ಸೇರಿಸಿ ಸರಪಳಿ ಕಟ್ಟಿದ ಮೇಲೆಯೇ ಟೆಲಿಸ್ಕೋಪ್ ಏರಿಸಬೇಕು.

ಎರಡನೆಯದು ಎಕ್ಸ್‌ಟೆನ್ಷನ್ ಪಿಲ್ಲರ್. ಯುರೋಪಿನವರಿಗೆ ಇದು ಅನುಕೂಲ, ನಮಗೆ ಅಗತ್ಯ. ಉದ್ದದ ರಿಫ್ರ್ಯಾಕ್ಟರ್ ನೆತ್ತಿಗೆ ತಿರುಗಿದಾಗ ಅದರ ಹಿಂಬದಿ ಟ್ರೈಪಾಡ್ ಕಾಲಿಗೆ ಬಡಿಯುತ್ತದೆ, ಐಪೀಸ್ ಮೊಣಕಾಲಿನ ಮಟ್ಟಕ್ಕೆ ಇಳಿಯುತ್ತದೆ. ಒಂದಡಿಯಷ್ಟು ಪಿಲ್ಲರ್ ಹಾಕಿದರೆ ಎರಡೂ ಬಗೆಹರಿಯುತ್ತವೆ. ಗಿಡ್ಡನೆಯ ಮಾಕ್ಸುಟೋವ್‌ಗೆ ಇದು ಬೇಡವೇ ಬೇಡ. ಪಿಲ್ಲರ್ ಜೊತೆ ಡ್ರಮ್ ಬಾರಿಸುವವರು ಕೂರುವ, ಎತ್ತರ ಹೊಂದಿಸುವ ಸ್ಟೂಲ್ ತಗೊಳ್ಳಿ. ಕೂತು ನೋಡುವ ಕಣ್ಣಿಗೆ ಕಾಣುವಷ್ಟು ನಿಂತು ಬಗ್ಗಿದ ಕಣ್ಣಿಗೆ ಕಾಣಲ್ಲ. ನೀವು ಕೂತರೆ ಟ್ರೈಪಾಡ್ ಕಾಲು ಎಳೆಯುವುದೂ ತಪ್ಪುತ್ತದೆ.

ರಬ್ಬರಿನ ಕಂಪನ ಪ್ಯಾಡ್ ತಾರಸಿಯಲ್ಲಿ ಉಪಯೋಗ, ಮಣ್ಣಿನ ಮೇಲೆ ಇಟ್ಟರೆ ವ್ಯರ್ಥ. ಆಲ್ಟ್-ಅಜ್‌ಗೆ ಕೌಂಟರ್‌ವೇಟ್ 80 ಮಿ.ಮೀ.ಗೆ ಬೇಡ. ಭಾರದ ಟ್ಯೂಬ್ ಒಂದೇ ಮಗ್ಗುಲಿಗೆ ತೂಗುತ್ತಿದ್ದರೆ ಹಾಕಿ, ಅಜಿಮತ್ ಚಲನೆ ನಯವಾಗುತ್ತದೆ.

ಹುಡುಕುವ ಸಾಧನಗಳಲ್ಲಿ ಮೂರನ್ನು ಪಕ್ಕಪಕ್ಕ ಬಳಸಿದ್ದೇನೆ. ಟೆಲ್‌ರಾಡ್ ಆಕಾಶದ ಮೇಲೆ ಅರ್ಧ, 2 ಮತ್ತು 4 ಡಿಗ್ರಿಯ ಕೆಂಪು ಉಂಗುರ ತೋರಿಸುತ್ತದೆ. ಚಿಕ್ಕಮಗಳೂರಿನ ಕಡೆಯ ಕತ್ತಲಲ್ಲಿ ಇದು ಸೊಗಸು. ಬೆಂಗಳೂರಿನಲ್ಲಿ ಉಂಗುರದ ಒಳಗೆ ನಕ್ಷತ್ರವೇ ಇರಲ್ಲ, ಎಲ್ಲಿಂದ ಎಲ್ಲಿಗೆ ಹೋಗುವುದು? ಸೆಲೆಸ್ಟ್ರಾನ್‌ನ ಸ್ಟಾರ್‌ಸೆನ್ಸ್ ಫೋನ್ ಕ್ಯಾಮೆರಾದಿಂದ ಆಕಾಶದ ಚಿತ್ರ ತೆಗೆದು, ಟೆಲಿಸ್ಕೋಪ್ ಎಲ್ಲಿ ನೋಡುತ್ತಿದೆ ಅಂತ ಹೇಳುತ್ತದೆ. ಊರಿನ ಬೆಳಕಲ್ಲೂ ಕೆಲಸ ಮಾಡುತ್ತದೆ, ಮಕ್ಕಳಿಗೆ ತೋರಿಸುವಾಗ ಬಹಳ ಅನುಕೂಲ. ಆದರೆ ಪರದೆಯ ಬೆಳಕು ಕಣ್ಣಿನ ಕತ್ತಲ ರೂಢಿ ಕೆಡಿಸುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ಬಡಗಿಗಳು ಬಳಸುವ ಡಿಜಿಟಲ್ ಆಂಗಲ್ ಗೇಜ್. ಬೆಲೆ ಟೆಲ್‌ರಾಡ್‌ಗಿಂತ ಕಡಿಮೆ. ಅಡಿಯಲ್ಲಿ ಅಯಸ್ಕಾಂತ ಇರುತ್ತದೆ. ಅಲ್ಯೂಮಿನಿಯಂ ಟ್ಯೂಬ್‌ಗೆ ಅಂಟಲ್ಲ, ಅದಕ್ಕೆ ಒಂದು ಕಬ್ಬಿಣದ ಪಟ್ಟಿ ಅಂಟಿಸಿಕೊಳ್ಳಿ. ಮೇ ತಿಂಗಳ ನಡುವಿನಲ್ಲಿ ರಾತ್ರಿ ಹತ್ತು ದಾಟಿದಾಗ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ನೇರ ದಕ್ಷಿಣದಲ್ಲಿ ಬೆಂಗಳೂರಿಗೆ ಸುಮಾರು 29 ಡಿಗ್ರಿ ಎತ್ತರದಲ್ಲಿರುತ್ತದೆ. ಮೊದಲು ಚಿತ್ತಾ ನಕ್ಷತ್ರಕ್ಕೆ ಗುರಿ ಮಾಡಿ, ಆ್ಯಪ್ ಹೇಳುವ ಎತ್ತರಕ್ಕೂ ಗೇಜ್ ತೋರಿಸುವುದಕ್ಕೂ ಎಷ್ಟು ವ್ಯತ್ಯಾಸ ನೋಡಿಕೊಳ್ಳಬೇಕು. ಆಮೇಲೆ ಆ ಲೆಕ್ಕದಲ್ಲಿ ಟ್ಯೂಬನ್ನು ಒಮೆಗಾ ಸೆಂಟಾರಿಯ ಎತ್ತರಕ್ಕೆ ಇಟ್ಟು, ಅಜಿಮತ್ ಮಾತ್ರ ಎಡಕ್ಕೆ ಬಲಕ್ಕೆ ಸವರಬೇಕು. ಬರಿಗಣ್ಣಿಗೆ ಏನೂ ಕಾಣದ ಜಾಗದಲ್ಲಿ ಮಸುಕಾದ ದುಂಡು ಬೆಳಕು ಐಪೀಸ್ ಒಳಗೆ ಜಾರಿ ಬರುತ್ತದೆ. ಟ್ರೈಪಾಡ್ ಮಟ್ಟವಾಗಿ ಇರಲೇಬೇಕು. ದಿಕ್ಕಿಗಾಗಿ ಫೋನಿನ ದಿಕ್ಸೂಚಿ ನಂಬಬೇಡಿ, ಸ್ಟೀಲ್ ಕಾಲಿನ ಹತ್ತಿರ ಅದು ತಪ್ಪು ತೋರಿಸುತ್ತದೆ.

ಹೊಸದೇ ಬೇಕೆಂದೇನಿಲ್ಲ, ಮೌಂಟ್ ಬೇಗ ಹಳತಾಗಲ್ಲ. ಸೆಕೆಂಡ್ ಹ್ಯಾಂಡ್ ನೋಡುವಾಗ ವಿಕ್ಸೆನ್ ಅಳತೆಯ ಡವ್‌ಟೇಲ್ (ಟ್ಯೂಬನ್ನು ಮೌಂಟ್‌ಗೆ ಕೂರಿಸುವ ಪಟ್ಟಿ) ಹಿಡಿಯುತ್ತದೆಯೇ ಅಂತ ಮೊದಲು ಕೇಳಿ. ಸಣ್ಣ ಟ್ಯೂಬ್‌ಗಳಿಗೆ ಬಹುಪಾಲು ಅದೇ ಇರುತ್ತದೆ. ಎರಡೂ ನಾಬ್ ಪೂರ್ತಿ ಸುತ್ತು ತಿರುಗಿಸಿ ನೋಡಿ, ಮಳೆಗಾಲದ ತುಕ್ಕು ಹಿಡಿದಿದ್ದರೆ ಒಂದು ಕಡೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಕ್ಲಚ್ ಬಿಗಿ ಮಾಡಿ, ತೋಳನ್ನು ಹಿಡಿದು ಅಲ್ಲಾಡಿಸಿ. ಟಕಟಕ ಅಂತ ಸದ್ದು ಬಂದು ಬೇರಿಂಗ್ ಆಡುತ್ತಿದ್ದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ತಗೊಳ್ಳಬೇಡಿ.