ಬೀಜವಿಲ್ಲದ ಸೌತೆಗೆ ಹೊಟ್ಟೆ ಬಂದ ಕಥೆ: ತಾರಸಿಯಲ್ಲಿ ಮೂರು ವರ್ಷ, ಮೂರು ಜಾತಿ

10 ಬೀಜಕ್ಕೆ 120 ರೂಪಾಯಿ. ಇದನ್ನು ಕೇಳಿ ಶಿರಸಿಯಲ್ಲಿರುವ ಆಯಿ ಫೋನಿನಲ್ಲೇ ನಕ್ಕಳು. ಅವಳ ಪ್ರಕಾರ ಸೌತೆಬೀಜ ಅಂದ್ರೆ ಬೂದಿಯಲ್ಲಿ ಕಲಸಿ ಗೋಡೆಗೆ ತಟ್ಟಿಡುವಂಥದ್ದು. ದುಡ್ಡು ಕೊಟ್ಟು ತರುವಂಥದ್ದಲ್ಲ.

ಬೆಂಗಳೂರಿನ ಬಾಡಿಗೆ ಮನೆಯ ತಾರಸಿಯಲ್ಲಿ ನಾನು ಬೆಳೆಸಿದ್ದು ಮೂರು: ಆಯಿ ಕೊಟ್ಟ ಊರಿನ ಮುಳ್ಳುಸೌತೆ, ಜಪಾನೀಸ್ ಲಾಂಗ್ ಗ್ರೀನ್, ಮತ್ತೆ ಈ ದುಬಾರಿ ಹೈಬ್ರಿಡ್. ಪಾಲಿಹೌಸ್‌ನವರು (ಪ್ಲಾಸ್ಟಿಕ್ ಹೊದಿಕೆಯ ಮನೆಯೊಳಗೆ ಕೃಷಿ ಮಾಡುವವರು) ಬೆಳೆಯುವ ಬೀಜವಿಲ್ಲದ ಜಾತಿ ಅದು. ಎಲ್ಲಕ್ಕೂ ಒಂದೇ ಅಳತೆಯ ಗ್ರೋ ಬ್ಯಾಗ್, ಅದೇ ಕೊಟ್ಟಿಗೆ ಗೊಬ್ಬರ.

ಜಪಾನೀಸ್ ಬೇಗ ಬರುತ್ತದೆ. ಸುಮಾರು 45 ದಿನಕ್ಕೆ ಮೊದಲ ಕಾಯಿ ಕೊಯ್ದೆ. ಆದರೆ ಏಪ್ರಿಲ್ ಬಿಸಿಲಲ್ಲಿ ಎರಡು ದಿನ ನೀರು ತಪ್ಪಿದರೆ ತೊಟ್ಟಿನ ಕಡೆಯೆಲ್ಲ ಕಹಿ. ತುದಿ ಕತ್ತರಿಸಿ ನೊರೆ ಬರುವ ತನಕ ಉಜ್ಜಿದರೂ ಅಷ್ಟೇ. ಅದರ ಸುದ್ದಿ ಸಾಕು.

ಸಿಟ್ಟು ಬಂದಿದ್ದು ಹೈಬ್ರಿಡ್ ಮೇಲೆ. ನಮ್ಮ ತಾರಸಿಗೆ ಜೇನು ಬರುವುದು ಕಮ್ಮಿ. ಹಾಗಾಗಿ ಬೆಳಿಗ್ಗೆ ಆರೂವರೆಗೆ ಕಾಫಿ ಲೋಟ ಪ್ಯಾರಾಪೆಟ್ ಮೇಲಿಟ್ಟು ನಾನೇ ಜೇನುನೊಣದ ಕೆಲಸ ಮಾಡುತ್ತೇನೆ. ಗಂಡು ಹೂ ಕಿತ್ತು, ದಳ ಬಿಡಿಸಿ, ನಡುವಿನ ಹಳದಿ ತುದಿಯನ್ನು ಹೆಣ್ಣು ಹೂವಿನೊಳಗೆ ಮೆಲ್ಲಗೆ ಸವರುವುದು. ಹೆಣ್ಣು ಹೂವಿನ ಹಿಂದೆ ಪುಟ್ಟ ಮಿಡಿ ಇರುತ್ತದೆ, ಅದೇ ಗುರುತು. ಹೈಬ್ರಿಡ್ ಬಳ್ಳಿ ನೋಡಿದರೆ ಗಂಡು ಹೂವೇ ಇಲ್ಲ, ಬರೀ ಹೆಣ್ಣು. ಪಾಪ ಅನ್ನಿಸಿತು. ಪಕ್ಕದ ಮುಳ್ಳುಸೌತೆಯಿಂದ ಗಂಡು ಹೂ ತಂದು ಒಂದೂ ಬಿಡದೆ ಸವರಿದೆ.

ಹತ್ತು ದಿನದಲ್ಲಿ ಕಾಯಿಗಳಿಗೆ ಹೊಟ್ಟೆ ಬಂತು! ತೊಟ್ಟಿನ ಕಡೆ ಸಣಕಲು, ತುದಿಯಲ್ಲಿ ಬುಡ್ಡಿ. ಹೆಚ್ಚಿ ನೋಡಿದರೆ ಒಳಗೆ ಬೀಜ. ಒಂದು ಕಾಯಿ ಚೀಲಕ್ಕೆ ಹಾಕಿಕೊಂಡು ಬೀಜದಂಗಡಿಗೆ ಜಗಳಕ್ಕೇ ಹೋದೆ.

"ಪಕ್ಕದಲ್ಲಿ ಬೇರೆ ಸೌತೆ ಇದೆಯಾ ಸಾರ್?"

"ಇದೆ. ಅದರ ಹೂವನ್ನೇ ತಂದು ನಾನು ದಿನಾ..."

ಅಂಗಡಿಯವರ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದೆ.

ಈ ಜಾತಿಗೆ ಪರಾಗವೇ ಬೇಡವಂತೆ. ಮಿಡಿ ತಾನಾಗಿ ಕಾಯಾಗುತ್ತದೆ. ಪರಾಗ ಬಿದ್ದರೇನೇ ಬೀಜ ಕಟ್ಟಿ ಆಕಾರ ಕೆಡುವುದು. ಪಾಲಿಹೌಸ್‌ಗೆ ಬಲೆ ಕಟ್ಟಿ ಜೇನನ್ನು ಹೊರಗಿಡುವುದಕ್ಕೆ ಇದೂ ಒಂದು ಕಾರಣ. ಇಷ್ಟನ್ನು ಪ್ಯಾಕೆಟ್ ಮೇಲೆ ಕನ್ನಡದಲ್ಲಿ ಒಂದು ಸಾಲು ಬರೆಯಬಹುದಿತ್ತು, ಅಲ್ವಾ?

ಮರುವರ್ಷ ಜನವರಿಯಲ್ಲಿ ಹೈಬ್ರಿಡ್ ಒಂದನ್ನೇ ಹಾಕಿದೆ, ಕೈಯನ್ನೂ ಸುಮ್ನೆ ಇಟ್ಟುಕೊಂಡೆ. ಒಂದು ಬಳ್ಳಿಗೆ 24 ಕಾಯಿ. ಸಿಪ್ಪೆ ತೆಳ್ಳಗೆ, ಕಹಿ ಒಂದರಲ್ಲೂ ಇಲ್ಲ. ಮಗಳು ಸ್ಕೂಲಿಗೆ ಹೊರಡುವಾಗ ತೊಳೆದು ಹಾಗೇ ಕಚ್ಚಿಕೊಂಡು ಹೋಗುತ್ತಾಳೆ. ಎರಡೂವರೆ ತಿಂಗಳಿಗೆ ಎಲೆಗೆ ಬೂದಿ ರೋಗ ಹತ್ತಿ ಬಳ್ಳಿ ಮುಗಿಯಿತು. ಅಷ್ಟರೊಳಗೆ 120 ರೂಪಾಯಿ ವಸೂಲಾಗಿತ್ತು.

ಮಳೆಗಾಲಕ್ಕೆ ಹಾಕಿದ ಮುಳ್ಳುಸೌತೆಯ ಒಂದು ಬಳ್ಳಿ ಬಿಟ್ಟದ್ದು 7 ಕಾಯಿ. ಸೋತಿತು ಅಂದುಕೊಂಡೆ. ತಕ್ಕಡಿಗೆ ಹಾಕಿದರೆ ನಾಲ್ಕು ಕೆಜಿಗೆ ಸ್ವಲ್ಪ ಜಾಸ್ತಿ. ಹೈಬ್ರಿಡ್‌ನ 24 ಸೇರಿ ಮೂರೂವರೆ! ಅದೂ ಅಲ್ಲದೆ ಹೈಬ್ರಿಡ್ ತುರಿದು ತೆಳ್ಳೇವು (ನಮ್ಮ ಕಡೆಯ ತೆಳು ದೋಸೆ) ಎರೆದರೆ ಸೌತೆಯ ಪರಿಮಳವೇ ಇಲ್ಲ, ನೀರು ದೋಸೆ ತಿಂದ ಹಾಗೆ. ಮಳೆಗಾಲದ ಬಲಿತ ಮುಳ್ಳುಸೌತೆಯನ್ನು ಅಕ್ಕಿ ಜೊತೆ ರುಬ್ಬಿ ಕಾವಲಿ ಮೇಲೆ ಎರೆದರೆ ಮೆಟ್ಟಿಲ ತನಕ ಘಮ್ಮೆನ್ನುತ್ತದೆ.

ಈಗ ನನ್ನ ಲೆಕ್ಕ ಇಷ್ಟು: ಜನವರಿಗೆ ಹೈಬ್ರಿಡ್, ಜೂನ್‌ಗೆ ಮುಳ್ಳುಸೌತೆ. ಜಪಾನೀಸ್ ಬಿಟ್ಟೆ. ಮುಳ್ಳುಸೌತೆಯಲ್ಲಿ ಒಂದನ್ನು ಈ ಸಲ ಬೀಜಕ್ಕೆ ಬಿಟ್ಟಿದ್ದೆ, ಹಣ್ಣಾಗಿ ಕಂದು ಬಣ್ಣಕ್ಕೆ ತಿರುಗಿತು. ಬೆಂಗಳೂರಲ್ಲಿ ಬೂದಿ ಎಲ್ಲಿಂದ ತರುವುದು? ಬೀದಿ ತುದಿಯ ಇಸ್ತ್ರಿ ಗಾಡಿಯವರ ಹತ್ತಿರ ಒಂದು ಡಬ್ಬಿ ಕೇಳಿ ತಂದು ಕಲಸಿ, ಹಿಂದಿನ ಗೋಡೆಗೆ ತಟ್ಟಿದ್ದೇನೆ. ಓನರ್ ಇನ್ನೂ ನೋಡಿಲ್ಲ.