ಹುಬ್ಬಳ್ಳಿಯಲ್ಲಿ ಪೋರ್ಚುಗೀಸ್ ಸವಾರಿ ಉಡುಪು: ಜಾಕೆಟ್ ಸೈ, ಪ್ಯಾಂಟ್ ಮಾತ್ರ ಮತ್ತೆ ಕಟಿಂಗ್ ಟೇಬಲ್ಲಿಗೆ

ದುರ್ಗದಬೈಲ್ ಹತ್ತಿರದ ಬೊಟಿಕ್ ಒಂದು ಪೋರ್ಚುಗಲ್ಲಿನ ಸವಾರಿ ಉಡುಪಿಗೆ ಕೌಬಾಯ್ ಶೈಲಿ ಬೆರೆಸಿ ಜಾಕೆಟ್, ಶರ್ಟ್, ಪ್ಯಾಂಟಿನ ಸೆಟ್ ಹೊಲಿದು ಕೊಡುತ್ತಿದೆ. ಇಲ್ಲಿ ಇದನ್ನು ತೊಟ್ಟವರು ಏರುವುದು ಕುದುರೆಗಿಂತ ಬುಲೆಟ್ ಬೈಕೇ ಹೆಚ್ಚು. ಇರಲಿ, ಕಾಲು ಅಗಲಿಸಿ ಕೂರುವುದು ಎರಡಕ್ಕೂ ಇದ್ದದ್ದೇ, ಅಳತೆಯ ಲೆಕ್ಕವೂ ಹೆಚ್ಚುಕಡಿಮೆ ಅದೇ.

ಜಾಕೆಟ್ ಚಲೋ ಬಂದಿದೆ. ಪೋರ್ಚುಗಲ್ಲಿನ ಗೊಲೆಗಾ ಊರಿನ ನವೆಂಬರ್ ಕುದುರೆ ಜಾತ್ರೆಯಲ್ಲಿ ಲೂಸಿತಾನೊ ತಳಿಯ ಕುದುರೆ ಏರಿದವರು ತೊಡುವಂತೆ ಸೊಂಟಕ್ಕೇ ನಿಲ್ಲುವ ಗಿಡ್ಡ ಕಟ್. ಅಂಚು ಕುದುರೆಯ ಜೀನಿಗೆ (ತಡಿಗೆ) ತಾಗಿ ಮುದುಡುವುದಿಲ್ಲ. ಕಂಕುಳನ್ನು ಮೇಲಕ್ಕೇ ಕತ್ತರಿಸಿದ್ದರಿಂದ ಲಗಾಮಿಗೆ ಕೈ ಚಾಚಿದರೂ ಜಾಕೆಟ್ ಕೈಯ ಜೊತೆ ಏರುವುದಿಲ್ಲ. ಎದೆ ಬಿಗಿಯಾಗಿ ನಿಲ್ಲಲು ಒಳಗೆ ಅಂಟಿನ ಬುಕ್ರಂ ಬಟ್ಟೆಯ ಬದಲು ಹೊಲಿದ ಕ್ಯಾನ್ವಾಸ್ ಹಾಕಿದ್ದಾರೆ. ಅಂಟಿನದು ಬೆವರು, ಇಸ್ತ್ರಿಗೆ ಬಿಟ್ಟು ಗುಳ್ಳೆ ಏಳುತ್ತದೆ, ಆ ಕಾಟ ಇಲ್ಲಿಲ್ಲ.

ಕೆಟ್ಟದ್ದು ಪ್ಯಾಂಟಿನಲ್ಲಿ. ಪೋರ್ಚುಗೀಸ್ ಗಿಡ್ಡ ಜಾಕೆಟ್ಟಿಗೆ ಜೋಡಿ, ಹೊಕ್ಕುಳಿನ ಮೇಲೆ ನಿಲ್ಲುವ, ಬೆಲ್ಟಿಲ್ಲದೆ ಭುಜದಿಂದ ಇಳಿಯುವ ಸಸ್ಪೆಂಡರ್ ಪಟ್ಟಿಗೆ ತೂಗುವ ಪ್ಯಾಂಟು. ಇವರು ಕೆಳಸೊಂಟದ ಜೀನ್ಸ್ ಪ್ಯಾಟರ್ನನ್ನೇ ಕತ್ತರಿಸಿದ್ದಾರೆ. ನಿಂತಾಗ ಗೊತ್ತಾಗದು, ಕೂತ ಕೂಡಲೇ ಹಿಂದೆ ನಾಲ್ಕು ಬೆರಳಷ್ಟು ಶರ್ಟು ಹೊರಗೆ! ಟೈಲರ್ ಮಾಸ್ತರಿಗೆ ಹೇಳಿ ಕುರ್ಚಿಯ ಬೆನ್ನಿಗೆ ಎದುರಾಗಿ, ಎರಡೂ ಬದಿ ಕಾಲು ಇಳಿಬಿಟ್ಟು ಕೂತು ಅಳತೆ ಕೊಡಿ, ಪ್ಯಾಂಟಿನ ಹಿಂದೆ, ಕೂರುವ ಭಾಗಕ್ಕೆ ಒಂದೂವರೆಯಿಂದ ಎರಡು ಇಂಚು ಹೆಚ್ಚು ಬಿಡಿಸಿ. ಒಳತೊಡೆಯ ಹೊಲಿಗೆಯೂ ದಪ್ಪಗಿದೆ, ತಾಸುಗಟ್ಟಲೆ ಕೂತರೆ ಚರ್ಮ ಕೆಂಪಾಗುತ್ತದೆ. ದಪ್ಪ ಮಡಿಕೆ ಕಾಲಿನ ಹೊರಬದಿಯ ಹೊಲಿಗೆಗೆ ಹೋಗಬೇಕು. ಹಿಂಜೇಬಿನ ರಿವೆಟ್ ತೆಗೆಸಿಬಿಡಿ, ಜೀನಿನ ತೊಗಲು ಗೀಚುತ್ತದೆ.

ಶರ್ಟಿನ ಭುಜಪಟ್ಟಿಗೆ ಕಸೂತಿ ಹಾಕುವ ಯೋಚನೆ ಒಳ್ಳೆಯದೇ, ಕೆಲಸ ಅರೆಬರೆ. ಕಸೂತಿ ಎಳೆ ಎಣಿಸಿ ಹಾಕುವಂಥದ್ದು. ಡೆನಿಮ್ಮಿನ ಓರೆ ನೇಯ್ಗೆಯಲ್ಲಿ ಎಣಿಕೆ ಹಿಡಿಯುವುದು ಕಷ್ಟ. ಅದಕ್ಕೇ ಮಷೀನ್ ಎಂಬ್ರಾಯ್ಡರಿ ಹೊಡೆದಿದ್ದಾರೆ, ಒಳಗೆಲ್ಲ ದಾರದ ಗಂಟು, ಭುಜಕ್ಕೆ ಚುಚ್ಚುತ್ತದೆ. ಕಸೂತಿಯ ಗವಂತಿ, ಮುರಗಿ ಹೊಲಿಗೆಯ ಅಂದವೇ ಎರಡೂ ಮಗ್ಗುಲು ಒಂದೇ ಥರ ಕಾಣುವುದು. ಸಾದಾ ನೇಯ್ಗೆಯ ಖಾದಿ ಪಟ್ಟಿಯ ಮೇಲೆ ಕೈಯಿಂದ ಗೋಪುರದ ಚಿತ್ತಾರ ಹಾಕಿಸಿ, ಆಮೇಲೆ ಭುಜಕ್ಕೆ ಕೂಡಿಸಿದರೆ ಕಸೂತಿ, ಡೆನಿಮ್ ಎರಡೂ ಉಳಿಯುತ್ತವೆ. ಟಿಚ್ ಬಟನ್ ಮಾತ್ರ ಬದಲಿಸಬೇಡಿ: ಶರ್ಟು ಎಲ್ಲಿಯಾದರೂ ಸಿಕ್ಕಿಕೊಂಡರೆ ಅದು ತಟ್ಟನೆ ಬಿಚ್ಚುತ್ತದೆ, ಬಟ್ಟೆ ಹರಿಯುವುದಿಲ್ಲ.

ಡೆನಿಮ್ಮನ್ನು ಕತ್ತರಿಸುವ ಮುನ್ನ ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಲು ಹೇಳಿ. ಕೇಳದಿದ್ದರೆ ಅವರು ಹಾಗೇ ಕತ್ತರಿಸುತ್ತಾರೆ.