ಮಿಕ್ಕ ದಾರದ ಸೂಜಿ ಪುಸ್ತಕ: ಸ್ಯಾಟಿನ್ ಹೂವೋ, ಕ್ರಾಸ್ ಸ್ಟಿಚ್ಚೋ, ಸಾಲು ಹೊಲಿಗೆಯೋ?

ಕಸೂತಿ ಹಾಕುವವರ ಡಬ್ಬಿಯಲ್ಲಿ ತುಂಡು ದಾರ ಸೇರುತ್ತಲೇ ಇರುತ್ತದೆ. ಗೇಣುದ್ದದ್ದು, ಮೊಳದುದ್ದದ್ದು, 6 ಎಳೆಯಲ್ಲಿ ಎರಡನ್ನು ಬಳಸಿ ಮಿಕ್ಕ ನಾಲ್ಕೆಳೆ. ಎಸೆಯಲು ಮನಸ್ಸಾಗುವುದಿಲ್ಲ, ದೊಡ್ಡ ಕೆಲಸಕ್ಕೆ ಸಾಲುವುದೂ ಇಲ್ಲ. ಸೂಜಿಗಳನ್ನು ಚುಚ್ಚಿಡಲು ಬಟ್ಟೆಯಲ್ಲೇ ಪುಸ್ತಕದಂತೆ ಹೊಲಿದ ಅಂಗೈಯಗಲದ ಸೂಜಿ ಪುಸ್ತಕಕ್ಕೆ ಇವು ಹೇಳಿ ಮಾಡಿಸಿದಂತಿವೆ. ಆದರೆ ಮುಖಪುಟಕ್ಕೆ ಯಾವ ಹೊಲಿಗೆ ಹಾಕುತ್ತೀರಿ ಎನ್ನುವುದರ ಮೇಲೆ ದಾರ ಸಾಲುವುದೂ ಸಾಲದಿರುವುದೂ ನಿಂತಿದೆ. ಒಂದೇ ಅಳತೆಯ ಪುಸ್ತಕಕ್ಕೆ ಮೂರು ಬಗೆ ಹಾಕಿ ನೋಡಿದ ಮೇಲೆ ನನಗೆ ಒಂದು ಸ್ಪಷ್ಟ ಅಭಿಪ್ರಾಯ ಮೂಡಿದೆ.

ನೋಡಲು ಸ್ಯಾಟಿನ್ ಸ್ಟಿಚ್ಚಿನ, ಅಂದರೆ ಎಳೆಗಳನ್ನು ಅಕ್ಕಪಕ್ಕ ಒತ್ತಾಗಿ ಹಾಕಿ ತುಂಬಿದ, ಹೂವನ್ನು ಮೀರಿಸುವುದು ಯಾವುದೂ ಇಲ್ಲ. ಆ ಹೊಳಪೇ ಬೇರೆ. ಆದರೆ ಈ ಹೊಲಿಗೆಯಲ್ಲಿ ಬಟ್ಟೆಯ ಮುಂದೆ ಎಷ್ಟು ದಾರ ಕಾಣುತ್ತದೋ ಹಿಂದೆಯೂ ಅಷ್ಟೇ ಹೋಗಿರುತ್ತದೆ. ಎಸಳಿನ ನಡುವೆ ಬಣ್ಣ ಮುಗಿದರೆ ಅದೇ ಛಾಯೆ ಇನ್ನೊಂದು ತುಂಡಿನಲ್ಲಿ ಸಿಗುವುದು ಕಷ್ಟ. ಸೂಜಿ ಇಳಿದ ಅಂಚಿನಲ್ಲೇ, ಪಕ್ಕಕ್ಕೆ ಮೇಲೆತ್ತಿ ವಾಪಸ್ ಬಂದರೆ ಹಿಂದಿನ ದಾರ ಬಹುಪಾಲು ಉಳಿಯುತ್ತದೆ. ಬದಲಿಗೆ ಎಳೆಗಳ ನಡುವೆ ಸಣ್ಣ ಸಂದು ಬೀಳುತ್ತದೆ. ಇನ್ನೊಂದು ತೊಂದರೆ ಬಾಳಿಕೆಯದು. ಸೂಜಿ ಪುಸ್ತಕವನ್ನು ದಿನವೂ ತೆಗೆಯುತ್ತೇವೆ, ಕತ್ತರಿಯ ಜೊತೆ ಚೀಲಕ್ಕೆ ತುರುಕುತ್ತೇವೆ. ಉದ್ದನೆಯ ಸ್ಯಾಟಿನ್ ಎಳೆ ಉಗುರಿಗೋ ಕತ್ತರಿಗೋ ಸಿಕ್ಕಿ ಎದ್ದುಬಿಡುತ್ತದೆ.

ಚೌಕಕ್ಕೊಂದು ಗುಣಾಕಾರ ಚಿಹ್ನೆಯಂತೆ ಹಾಕುವ ಕ್ರಾಸ್ ಸ್ಟಿಚ್ ಇದಕ್ಕಿಂತ ಗಟ್ಟಿ. ಇಂಚಿಗೆ 14 ಚೌಕದ ಐಡಾ ಬಟ್ಟೆಯಲ್ಲಿ ಎರಡೆಳೆ ದಾರ ಚೆನ್ನಾಗಿ ತುಂಬುತ್ತದೆ, ಬಣ್ಣವನ್ನು ಯಾವ ಚೌಕದಲ್ಲಿ ಬೇಕಾದರೂ ಬದಲಿಸಬಹುದು. ತೊಡಕು ಹಿಂಬದಿಯಲ್ಲಿದೆ: ಪ್ರತಿ ತುಂಡಿನ ಎರಡೂ ತುದಿಗಳನ್ನು ಹೊಲಿಗೆಯ ಕೆಳಗೆ ನುಸುಳಿಸಬೇಕು. ತುಂಡು ಹೆಚ್ಚಾದಷ್ಟೂ ಹಿಂದೆ ದಪ್ಪ. ಐಡಾ ಮೊದಲೇ ಬಿರುಸು ಬಟ್ಟೆ, ಮಡಿಕೆಯ ಜಾಗದಲ್ಲಿ ಪುಸ್ತಕ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ.

ನನ್ನ ಮತ ಸಾಲು ಹೊಲಿಗೆಗೆ. ಸಾದಾ ಕಾಟನ್ ಬಟ್ಟೆಯ ಮೇಲೆ ಪೆನ್ಸಿಲ್‌ನಿಂದ ಅಲೆಅಲೆಯಾದ ಗೆರೆ ಎಳೆದು, ಒಂದೊಂದು ಗೆರೆಗೆ ಒಂದೊಂದು ತುಂಡು ಹಾಕುತ್ತಾ ಹೋಗುವುದು. ದಾರ ಎಲ್ಲಿ ಮುಗಿದರೂ ಅಲ್ಲಿಂದ ಇನ್ನೊಂದು ಬಣ್ಣ ಶುರು, ಅದೇ ವಿನ್ಯಾಸವಾಗುತ್ತದೆ. ರನ್ನಿಂಗ್ ಸ್ಟಿಚ್ಚನ್ನು ಮುಂದೆ ಉದ್ದ, ಹಿಂದೆ ಗಿಡ್ಡ ಇಟ್ಟರೆ ತೀರಾ ಕಡಿಮೆ ದಾರ ಸಾಕು. ಸರಪಳಿ ಹೊಲಿಗೆಯಲ್ಲೂ ದಾರದ ಹೆಚ್ಚಿನ ಪಾಲು ಮುಂಬದಿಯಲ್ಲೇ ಇರುತ್ತದೆ. ಬೆರಳುದ್ದ ಮಾತ್ರ ಉಳಿದಿದ್ದರೆ ಗೆರೆಗಳ ನಡುವೆ ಒಂದೆರಡು ಫ್ರೆಂಚ್ ನಾಟ್, ಅಂದರೆ ಸೂಜಿಗೆ ದಾರ ಸುತ್ತಿ ಹಾಕುವ ಪುಟ್ಟ ಗಂಟು.

ಬೇರೆ ಬೇರೆ ಜಾತಿಯ ದಾರಗಳು ಒಟ್ಟಿಗೆ ಹೊಂದಿಕೊಳ್ಳುವುದೂ ಇಲ್ಲೇ. ಹುರಿಗೊಳಿಸಿದ, ಎಳೆ ಬಿಡಿಸಲಾಗದ ಪರ್ಲ್ ಕಾಟನ್ ದಾರ ಸರಪಳಿಗೆ ಚೆನ್ನ. ಅದರ ನಂಬರ್ ಹೆಚ್ಚಿದಷ್ಟೂ ದಾರ ಸಣ್ಣ, 5ಕ್ಕಿಂತ 8 ತೆಳು. ರೇಯಾನ್ ಜಾರುತ್ತದೆ, ಸಿಕ್ಕಾಗುತ್ತದೆ. ಉಣ್ಣೆಯ ನೂಲು ಬಿಗಿ ನೇಯ್ಗೆಯಲ್ಲಿ ಹೋಗಿಬಂದು ಸವೆದು ಹರಿಯುತ್ತದೆ. ಈ ಎರಡನ್ನೂ ಬಟ್ಟೆಯೊಳಗೆ ಎಳೆಯಲೇಬೇಡಿ. ಗೆರೆಯ ಮೇಲೆ ಮಲಗಿಸಿ, ಒಂದೆಳೆ ಕಾಟನ್ ದಾರದಿಂದ ಅಕ್ಕಿಕಾಳಿನಷ್ಟು ಅಂತರಕ್ಕೊಂದು ಸಣ್ಣ ಅಡ್ಡ ಹೊಲಿಗೆ ಹಾಕಿ ಹಿಡಿಸಿ. ಎರಡು ತುದಿಗಳನ್ನಷ್ಟೇ ದೊಡ್ಡ ಕಣ್ಣಿನ ಸೂಜಿಯಲ್ಲಿ ಹಿಂದಕ್ಕೆ ಇಳಿಸಿದರೆ ಆಯಿತು, ಗೇಣುದ್ದದ ನೂಲು ಹೆಚ್ಚುಕಡಿಮೆ ಪೂರ್ತಿ ಮುಂದೆಯೇ ಕಾಣುತ್ತದೆ. ಇದನ್ನು ಕೌಚಿಂಗ್ ಎನ್ನುತ್ತಾರೆ. ಮಿಕ್ಕ ದಾರಕ್ಕೆ ಇದಕ್ಕಿಂತ ಒಳ್ಳೆಯ ಹೊಲಿಗೆ ನನಗೆ ಕಂಡಿಲ್ಲ.

ಬಣ್ಣ ಚೆಲ್ಲಾಪಿಲ್ಲಿ ಅನ್ನಿಸದಿರಲು ಒಂದು ಗಾಢ ಬಣ್ಣ ಆರಿಸಿ, ಮೂರು ನಾಲ್ಕು ಗೆರೆಗೊಮ್ಮೆ ಅದನ್ನೇ ತನ್ನಿ. ಲೇಬಲ್ ಕಳೆದುಹೋದ ಕೆಂಪು, ಕಡುನೀಲಿ ತುಂಡುಗಳನ್ನು ಒದ್ದೆ ಬಿಳಿ ಬಟ್ಟೆಗೆ ಒತ್ತಿ ನೋಡಿಯೇ ಬಳಸಿ. ಬಣ್ಣ ಬಿಟ್ಟರೆ ಪಕ್ಕಕ್ಕಿಡಿ.

ಸೂಜಿ ಚುಚ್ಚಿಡುವ ಒಳಹಾಳೆಯಲ್ಲಿ ಹೆಚ್ಚು ಯೋಚಿಸುವುದೇನಿಲ್ಲ, ನೇಯದೆ ನಾರನ್ನು ಒತ್ತಿ ಮಾಡಿದ ಫೆಲ್ಟ್ ಬಟ್ಟೆಯೇ ಸರಿ. ಅಂಚು ಬಿಚ್ಚಿಕೊಳ್ಳದು, ಮಡಚಿ ಹೊಲಿಯುವ ಕೆಲಸವಿಲ್ಲ. ಉಣ್ಣೆಯ ಫೆಲ್ಟ್ ಅಕ್ರಿಲಿಕ್‌ಗಿಂತ ಸೂಜಿಯನ್ನು ಬಿಗಿಯಾಗಿ ಹಿಡಿಯುತ್ತದೆ. ತೆಳು ಕಾಟನ್ ಹಾಳೆಯಿಂದ ಸಣ್ಣ ಸೂಜಿಗಳು ಜಾರಿ ಬೀಳುತ್ತವೆ.

ಮುಚ್ಚಲು ಪ್ರೆಸ್ ಬಟನ್ ಹಾಕಿದರೆ ಪ್ರತಿ ಸಲ ಕಿತ್ತಾಗ ಬಟ್ಟೆ ಜಗ್ಗುತ್ತದೆ. ಗುಂಡಿ ಮತ್ತು ದಾರದ ಕುಣಿಕೆ ವಾಸಿ: ಮೂರು ನಾಲ್ಕು ಎಳೆ ಕಮಾನಿನಂತೆ ಹಾಕಿ, ಅದರ ಸುತ್ತ ಪರ್ಲ್ ದಾರದಿಂದ ಒತ್ತೊತ್ತಾಗಿ ಕಾಜಾ ಹೊಲಿಗೆ ಹಾಕಿ. ಡಬ್ಬಿಯಲ್ಲಿ ಉಳಿದ ಇನ್ನೊಂದು ತುಂಡೂ ಖರ್ಚಾಗುತ್ತದೆ.